ಮನೆಯಂಗಳ: ಕುಂಡದಲ್ಲಿ ಬಾಡಿದ ಕಿತ್ತಳೆಯ ಗಿಡ

ಕೊಡಗಿನ ಕಿತ್ತಳೆಯ ಕೀರ್ತಿಯು ವಾಚಕರಿಗೆ ಹೊಸದಲ್ಲ. ಕಾಫಿಯ ತೋಟಗಳ ನಡುವೆ ಬೆಳೆದು, ಹುತ್ತರಿಯ ವೇಳೆಗೆ ಬಣ್ಣವೇರುವ ಆ ಹಣ್ಣಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಆದರೆ ಮನ್ನಣೆ ಬರುವುದಕ್ಕೆ ಬಹುಕಾಲ ಮೊದಲೇ ಮರಗಳು ಒಣಗತೊಡಗಿದ್ದುವು. ಅಜ್ಜಂದಿರು ನೆಟ್ಟ ಸಾಲುಗಳು ಎಷ್ಟೋ ತೋಟಗಳಲ್ಲಿ ಇಂದು ನೆನಪು ಮಾತ್ರ. ಆದುದರಿಂದಲೇ ಅನೇಕ ಗೃಹಸ್ಥರು ಒಂದು ಸಸಿಯನ್ನಾದರೂ ಕುಂಡದಲ್ಲಿಟ್ಟು ಜಗಲಿಯ ಬಳಿ ಸಾಕುತ್ತಿರುವರು. ಮೈಸೂರು, ಬೆಂಗಳೂರುಗಳಿಗೆ ಹೋಗಿ ನೆಲೆಸಿದವರು ತವರಿನ ಗುರುತೆಂದು ಅದನ್ನು ಮಹಡಿಯ ಮೇಲಿಟ್ಟುಕೊಳ್ಳುವುದುಂಟು. ಇಂತಹ ಗಿಡವು ಬಾಡತೊಡಗಿದಾಗ ಮಾಡಬೇಕಾದ ಉಪಚಾರವನ್ನು ಈ ತಿಂಗಳು ವಿವರಿಸುವೆವು.

ಜಪಾನಿನ ಮೇಪಲ್ ಮುಂತಾದ ಶೀತದೇಶದ ಗಿಡಗಳು ಚಳಿಗಾಲದಲ್ಲಿ ಎಲೆಯುದುರಿಸಿ ನಿಂತರೆ ಅದು ಅವುಗಳ ನಿದ್ರೆ, ಗಾಬರಿಗೆ ಕಾರಣವಿಲ್ಲ. ಕಿತ್ತಳೆಯಾದರೋ ನಿತ್ಯಹರಿದ್ವರ್ಣದ ಗಿಡ. ಅದು ಒಮ್ಮೆಲೇ ಎಲೆಯುದುರಿಸಿತೆಂದರೆ ಬೇರಿನಲ್ಲಿ ಕೇಡುಂಟೆಂದೇ ಬಹುಮಟ್ಟಿಗೆ ತಿಳಿಯಬೇಕು. ಗಿಡದಲ್ಲಿ ಜೀವವುಂಟೇ ಇಲ್ಲವೇ ಎಂಬುದನ್ನು ಮೊದಲು ನೋಡಿರಿ. ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆದರೆ ಒಳಗೆ ಹಸುರು ಕಾಣಬೇಕು. ಹಸುರಿದ್ದರೆ ಆಶೆಯುಂಟು. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ, ಕಾಂಡದ ಬುಡದವರೆಗೂ ಹೀಗೆಯೇ ಪರೀಕ್ಷಿಸಬೇಕು.

ಕೊಡಗಿನಲ್ಲಿ ಕುಂಡದ ಗಿಡಕ್ಕೆ ಬರುವ ಮುಖ್ಯ ಕಂಟಕವು ನೀರಿನ ಕೊರತೆಯಲ್ಲ, ಅದರ ಅತಿಶಯ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಬಂದುಬಿಡುವುದು. ಇಳಿಜಾರಿನ ನೆಲದಲ್ಲಿ ಆ ನೀರು ಹರಿದುಹೋದೀತು. ಕುಂಡದಿಂದ ಎಲ್ಲಿಗೆ ಹೋಗಬೇಕು? ಮಣ್ಣಿನ ಸಂದುಗಳಲ್ಲಿದ್ದ ಗಾಳಿಯನ್ನು ನೀರು ಹೊರದೂಡುತ್ತದೆ, ಬೇರುಗಳಿಗೆ ಉಸಿರುಕಟ್ಟುತ್ತದೆ. ಆ ದುರ್ಬಲತೆಯನ್ನೇ ಕಾದಿದ್ದ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯು ಬೇರನ್ನು ಕೊಳೆಯಿಸುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದಕಾರಣ ಒದ್ದೆಮಣ್ಣಿನಲ್ಲಿ ನಿಂತಿರುವಾಗಲೇ ಗಿಡವು ನೀರಿಲ್ಲದಂತೆ ಬಾಡುವುದು. ಎಲೆ ಜೋಲುಬಿದ್ದುದನ್ನು ಕಂಡು ಮನೆಯವರು ಕನಿಕರದಿಂದ ಮತ್ತೊಂದು ಚೆಂಬು ನೀರೆರೆಯುವರು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇಂತಹ ಗಿಡವನ್ನು ಮಳೆ ಬೀಳದೆಡೆಗೆ ಸರಿಸಿ, ಕುಂಡವನ್ನು ಓರೆಮಾಡಿ, ಮಣ್ಣಿನ ಮುದ್ದೆಯೊಡನೆ ಮೆಲ್ಲನೆ ಹೊರತೆಗೆಯಬೇಕು. ಒಳ್ಳೆಯ ಬೇರು ಬಿಳಿಯಾಗಿಯೋ ನಸುಹಳದಿಯಾಗಿಯೋ ಗಟ್ಟಿಯಾಗಿರುವುದು. ಕೊಳೆತದ್ದು ಕಂದಾಗಿದ್ದು, ಬೆರಳಿನಿಂದ ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುವುದು, ದುರ್ಗಂಧವೂ ಇರಬಹುದು. ಕೊಳೆತುದೆಲ್ಲವನ್ನೂ ಶುದ್ಧವಾದ ಚೂರಿಯಿಂದ ಕತ್ತರಿಸಿ, ಹಳೆಯ ಮಣ್ಣನ್ನು ದೂರ ಚೆಲ್ಲಬೇಕು. ಬೇರು ಎಷ್ಟು ಪಾಲು ಹೋಯಿತೋ ಸರಿಸುಮಾರು ಅಷ್ಟೇ ಪಾಲು ರೆಂಬೆಗಳನ್ನೂ ಸವರಬೇಕು; ಸಂಪಾದನೆ ಕುಗ್ಗಿದಾಗ ವೆಚ್ಚವನ್ನೂ ಕುಗ್ಗಿಸಬೇಕೆಂಬುದು ಗೃಹಸ್ಥರಿಗೆ ಹೇಳಿಕೊಡಬೇಕಾದ ಮಾತಲ್ಲ.

ಹೊಸ ಕುಂಡವು ಉಳಿದ ಬೇರುಗಳು ಹಿಡಿಯುವಷ್ಟಿದ್ದರೆ ಸಾಕು. ತೀರ ದೊಡ್ಡದರಲ್ಲಿಟ್ಟರೆ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿದು ಹಿಂದಿನ ರೋಗವೇ ಮರುಕಳಿಸುವುದು. ತಳದ ರಂಧ್ರಗಳು ತೆರೆದಿರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ—ಈ ಮಿಶ್ರಣವು ಯೋಗ್ಯವಾದುದು. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಹೂಳಿದರೆ ಬುಡವೇ ಕೊಳೆತೀತು. ನೆಟ್ಟೊಡನೆ ಒಮ್ಮೆ ಧಾರಾಳವಾಗಿ ನೀರೆರೆದು, ಆಮೇಲೆ ಬೆರಳಿಗೆ ಮೇಲಿನ ಒಂದಂಗುಲ ಮಣ್ಣು ಒಣಗಿದಂತೆ ತೋರಿದಾಗ ಮಾತ್ರ ನೀರು ಕೊಡಬೇಕು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ, ಸುಡುಬಿಸಿಲೂ ಬೇಡ. ಜ್ವರದಿಂದೆದ್ದವನಿಗೆ ಗಂಜಿಯೇ ಹಿತ; ಹಬ್ಬದ ಊಟವಲ್ಲ.

ಆತುರವಿಲ್ಲದ ಪಕ್ಷದಲ್ಲಿ ಕುಂಡ ಬದಲಾಯಿಸುವ ಕೆಲಸವನ್ನು ಕೈಲುಮುಹೂರ್ತ ಕಳೆದು ಮಳೆ ಹಿಂದೆಗೆದ ಮೇಲೆ ಮಾಡುವುದು ಲೇಸು. ಕಕ್ಕಡದ ಮಳೆಯಲ್ಲಿ ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿ ಸೂರಿನಡಿಯಲ್ಲಿಡಬೇಕು. ಸೂರಿನಿಂದ ಸುರಿಯುವ ನೀರು ನೇರವಾಗಿ ಅದರ ಮೇಲೆ ಬೀಳದಿರಲಿ. ಮಳೆಗಾಲಕ್ಕೆ ಮುನ್ನ ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣವು ಇದಕ್ಕೂ ರಕ್ಷೆಯೇ. ಮನೆಯ ಮಟ್ಟಿಗೆ 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರು ನೀರಿನಲ್ಲಿಯೂ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಬೇರೆ ಬೇರೆಯಾಗಿ ಕಲಸಿ, ಲೋಹದ್ದಲ್ಲದ ಪಾತ್ರೆಯಲ್ಲಿ ಕೂಡಿಸಬೇಕು. ಹೊಳಪಿನ ಕಬ್ಬಿಣದ ಚೂರಿಯನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದರ್ಥ. ಅಂದೇ ಮಾಡಿ ಅಂದೇ ಬಳಸಬೇಕು. ಮಕ್ಕಳ ಕೈಗೆ ಸಿಗದಂತೆ ಎಚ್ಚರವಹಿಸಬೇಕು.

ಬೇರು ಸರಿಯಾಗಿದ್ದೂ ಎಲೆ ಹಳದಿಯಾದರೆ ಆ ಹಳದಿಯ ರೀತಿಯನ್ನು ನೋಡಬೇಕು. ಹಳೆಯ ಎಲೆಗಳು ಒಂದೇ ಸಮನಾಗಿ ಬಿಳಿಚಿಕೊಂಡರೆ ಸಾರಜನಕದ ಕೊರತೆ; ಕಳಿತ ಸಗಣಿಗೊಬ್ಬರವೋ ಹಿಂಡಿಯೋ ಸ್ವಲ್ಪ ಸ್ವಲ್ಪವಾಗಿ ಸಾಕು. ಎಳೆಯ ಎಲೆಗಳು ಕಿರಿದಾಗಿ, ನರಗಳ ನಡುವೆ ಹಳದಿಯ ಪಟ್ಟೆಗಳೆದ್ದರೆ ಸತುವಿನ ಕೊರತೆ. ಈ ಎರಡಕ್ಕೂ ಪರಿಹಾರವುಂಟು.

ಪರಿಹಾರವಿಲ್ಲದ ಹಳದಿಯೂ ಒಂದುಂಟು. ಎಲೆಯ ನಡುನರದ ಒಂದು ಮಗ್ಗುಲಿನ ಕಲೆಯು ಇನ್ನೊಂದು ಮಗ್ಗುಲಿಗೆ ಹೊಂದದಂತೆ ಅಡ್ಡಾದಿಡ್ಡಿಯಾಗಿ ಹರಡಿ, ಹಣ್ಣು ಸೊಟ್ಟಗಾಗಿ ತುದಿಯಲ್ಲಿ ಹಸುರಾಗಿಯೇ ಉಳಿದು, ಬೀಜ ಜೊಳ್ಳಾದರೆ ಅದು ಗ್ರೀನಿಂಗ್ ಎಂಬ ಹಸುರುರೋಗವಿರಬಹುದು. ಎಳೆಚಿಗುರಿನ ರಸ ಹೀರುವ ಸಿಲ್ಲಾ ಎಂಬ ಸಣ್ಣ ಕೀಟವು ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. 2005ರಲ್ಲಿ ಅಮೇರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಇದೇ ರೋಗವು ಅಲ್ಲಿನ ಕಿತ್ತಳೆಯ ಉದ್ಯಮವನ್ನೇ ನೆಲಕಚ್ಚಿಸಿತು. ಕೊಡಗಿನ ತೋಟಗಳು ಕ್ಷೀಣಿಸಿದುದಕ್ಕೂ ಬೇರುಕೊಳೆತ ಮೊದಲಾದುವುಗಳ ಜೊತೆಗೆ ಇದೂ ಒಂದು ಕಾರಣ.

ಹಿರಿಯರ ಕೈಯ ಗಿಡವೆಂಬ ಮಮತೆಯಿಂದ ಇಂತಹುದನ್ನು ಉಳಿಸಿಕೊಳ್ಳಬೇಕೆನಿಸುವುದು ಸಹಜವೇ. ಆದರೆ ನಮ್ಮ ಜಗಲಿಯ ಒಂದು ಗಿಡಕ್ಕಾಗಿ ನೆರೆಯವರ ತೋಟವನ್ನು ಅಪಾಯಕ್ಕೊಡ್ಡುವುದು ನ್ಯಾಯವಲ್ಲ. ಅನುಮಾನವಿದ್ದಲ್ಲಿ ಎಲೆಗಳನ್ನು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ತಜ್ಞರಿಗೆ ತೋರಿಸಿ ಕೇಳಿರಿ. ರೋಗವು ನಿಶ್ಚಯವಾದರೆ ಕಿತ್ತು ಸುಟ್ಟುಬಿಡಿರಿ. ಅದರ ರೆಂಬೆಯಿಂದ ಮಾತ್ರ ಕಸಿ ಕಟ್ಟಬೇಡಿರಿ. ಕಸಿಯೊಡನೆ ರೋಗವೂ ಹೋಗುತ್ತದೆ.

ಸಮಾಧಾನದ ಸಂಗತಿಯೂ ಒಂದುಂಟು. ಕೊಡಗಿನ ಕಿತ್ತಳೆಯ ಒಂದೊಂದು ಬೀಜದಲ್ಲಿಯೂ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮೊಳಕೆಗಳಿದ್ದು, ಅವುಗಳಲ್ಲಿ ಬಹುಪಾಲು ತಾಯಿಮರದ ಪಡಿಯಚ್ಚೇ ಆಗಿರುತ್ತವೆ. ಆರೋಗ್ಯವಾದ ಮರದ ಮಾಗಿದ ಹಣ್ಣಿನಿಂದ ತೆಗೆದ ಬೀಜಗಳನ್ನು ಒಣಗಗೊಡದೆ ಕೂಡಲೇ ಬಿತ್ತಿರಿ. ಫಲಕ್ಕೆ ಹಲವು ವರ್ಷ ಕಾಯಬೇಕಾದೀತು, ನಿಜ. ಹಿಂದಿನವರು ನಮಗಾಗಿ ಕಾದಿದ್ದರು. ಮನೆಯ ಮಕ್ಕಳಿಗಾಗಿ ನಾವು ಕಾಯುವುದು ಹೆಚ್ಚಿನದಲ್ಲ. ಬರುವ ಹುತ್ತರಿಯಲ್ಲಿ ಹಣ್ಣು ತಿಂದವರು ಬೀಜವನ್ನು ಬಿಸುಡದೆ ಒಂದು ಕುಂಡಕ್ಕೆ ಹಾಕುವರೆಂದು ನಂಬಿರುವೆವು.