ಹೊಗೆಯ ವಾಸನೆಗೆ ಬೆಲೆ ಕಟ್ಟುವವರು ಯಾರು?



ಅಡಿಕೆ, ಕಾಫಿಯ ಪತ್ರಿಕೆಯಲ್ಲಿ ವಿಸ್ಕಿಯ ಮಾತೇಕೆ ಎಂದು ಹಿರಿಯ ಸದಸ್ಯರು ಹುಬ್ಬು ಗಂಟಿಕ್ಕಬಹುದು. ಕುಡಿತದಿಂದ ತೋಟ ಕಳೆದುಕೊಂಡ ಮನೆಗಳು ನಮ್ಮ ಸೀಮೆಯಲ್ಲೂ ಇವೆ, ಅದನ್ನು ಮರೆತು ಬರೆಯುತ್ತಿಲ್ಲ. ನಮಗೆ ಹೇಳಬೇಕಾಗಿರುವುದು ಮಾಲನ್ನು ಪರೀಕ್ಷಿಸುವ ವಿಷಯ.

ಕಳೆದ ತಿಂಗಳು ಗುಬ್ಬಿಯ ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಹೊರದೇಶದಲ್ಲಿರುವ ಅವರ ಅಳಿಯಂದಿರು ಲಗವೂಲಿನ್ ಎಂಬ ಸ್ಕಾಚ್ ತಂದಿದ್ದರು. ಸ್ಕಾಟ್ಲೆಂಡಿನ ಐಲಾ ದ್ವೀಪದ್ದು, ಓಕ್ ಮರದ ಪೀಪಾಯಿಯಲ್ಲಿ 16 ವರ್ಷ ಕಳೆದದ್ದು. ಹೊಟ್ಟೆ ಅಗಲ, ಬಾಯಿ ಕಿರಿದಾದ ಲೋಟದಲ್ಲಿ ಒಂದು ಚಮಚದಷ್ಟು ಹಾಕಿ, "ಬಣ್ಣ ನೋಡಿ ಮರುಳಾಗಬೇಡಿ, ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಅಲ್ಲಿಯ ಕಾನೂನಿನಲ್ಲೇ ಅವಕಾಶವಿದೆ" ಎಂದರು. ಚೊಗರಿನಲ್ಲಿ ಅದ್ದಿ ಕೆಂಪು ತರಿಸಿದ ಅಡಿಕೆ ಕಂಡವರಿಗೆ ಇದೇನು ಹೊಸದಲ್ಲ!

ಮೂಸಿದೆವು. ಮಳೆಗಾಲದ ಅಟ್ಟದ ಕೆಳಗಿನ ಹೊಗೆ, ಅದರ ಹಿಂದೆಯೇ ಟಿಂಚರ್ ಅಯೋಡಿನ್. ನಾಲ್ಕು ಹನಿ ನೀರು ಬಿಟ್ಟ ಮೇಲೆ ಘಾಟು ತಗ್ಗಿ ಒಣದ್ರಾಕ್ಷಿಯ ಸಿಹಿ ಮೇಲೆ ಬಂತು. ನಾಲಿಗೆಗೆ ತುಸು ಉಪ್ಪು. ನುಂಗಿದ ಮೇಲೂ ಬೂದಿಯ ರುಚಿ ಬಹಳ ಹೊತ್ತು ಬಾಯಲ್ಲೇ ಇತ್ತು. ಒಂದೊಂದನ್ನೂ ಅಳಿಯಂದಿರು ಪುಸ್ತಕದಲ್ಲಿ ಬರೆದುಕೊಂಡರು.

ಆ ಹೊಗೆ ಪೀಟಿನದು. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತ ಸಸ್ಯವನ್ನು ಕಡಿದು, ಒಣಗಿಸಿ, ಉರಿಸುತ್ತಾರೆ. ಮೊಳಕೆ ಬಂದ ಬಾರ್ಲಿ ಆ ಹೊಗೆಯಲ್ಲಿ ಒಣಗುವಾಗ ಫೀನಾಲ್ ಅಂಟಿಕೊಳ್ಳುತ್ತದೆ. ಲಗವೂಲಿನ್ ಬಾರ್ಲಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 35 ಭಾಗ. ಭಟ್ಟಿಯಲ್ಲೂ ಪೀಪಾಯಿಯಲ್ಲೂ ಇದು ಇಳಿಯುತ್ತದೆ, ಸೀಸೆಯಲ್ಲಿ ಅಷ್ಟಿರುವುದಿಲ್ಲ.

ವಯಸ್ಸಿನ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ನಮ್ಮ ಕುಣಿಗಲ್ಲಿಗೆ ದೂರವಲ್ಲದ, ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಇದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ಆವಿಯಾದರೆ, ಬೆಂಗಳೂರಿನ ಸೆಕೆಯಲ್ಲಿ 10ಕ್ಕೂ ಮೇಲೆ. ಇಲ್ಲಿ ನಾಲ್ಕೈದು ವರ್ಷಕ್ಕೇ ಹದ ಬರುತ್ತದೆ, 16 ವರ್ಷ ಇಟ್ಟರೆ ಪೀಪಾಯಿಯ ತಳ ಕಾಣುತ್ತದೆ. 2004ರಲ್ಲಿ ಗ್ಲಾಸ್ಗೋ ಪಟ್ಟಣಕ್ಕೇ ಹೋಗಿ ಮಾರಾಟ ಆರಂಭಿಸಿದ ಇವರು, ಆಮೇಲೆ ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿ ಕೂಡಿಸಿ 'ಫ್ಯೂಷನ್' ಮಾಡಿದರು. ಜಿಮ್ ಮರ್ರೆ ಎಂಬ ಪರೀಕ್ಷಕರು ತಮ್ಮ 2010ರ ಪುಸ್ತಕದಲ್ಲಿ ಅದಕ್ಕೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟರು. ಅದರ ಸೀಸೆಯ ಮೇಲೆ ವಯಸ್ಸೇ ಇರಲಿಲ್ಲ.

ಇನ್ನು ನಮ್ಮ ಪಾಡು. ಹಿಂದಿನ ಮಳೆಗಾಲದಲ್ಲಿ ಬೇಯಿಸಿದ ಅಡಿಕೆ ಬಿಸಿಲಿಲ್ಲದೆ ಬೂಸಲು ಹಿಡಿಯುವುದರಲ್ಲಿತ್ತು. ಕೆಳಗೆ ಬೆಂಕಿ ಮಾಡಿ ಒಣಗಿಸಿದೆವು. ಕೊಳ್ಳುವವರೊಬ್ಬರು ಒಂದು ಅಡಿಕೆ ಕತ್ತರಿಸಿ, ಮೂಸಿ, "ಹೊಗೆ" ಎಂದು ಒಂದೇ ಮಾತು ಹೇಳಿ ಇಡೀ ರಾಶಿಗೆ ದರ ಇಳಿಸಿದರು. ಎಷ್ಟು ಚೀಲದಲ್ಲಿ ಹೊಗೆ? ಒಳಗೆ ಇಳಿದಿದೆಯೋ, ಸಿಪ್ಪೆಯ ಮೇಲಷ್ಟೇ ಇದೆಯೋ? ಕೇಳಲು ನಮಗೇ ತಿಳಿದಿರಲಿಲ್ಲ. ಚೀಟಿಯಲ್ಲಿ ದರವಿತ್ತು, ಕಾರಣವಿರಲಿಲ್ಲ. ತಪ್ಪು ನಮ್ಮದೂ ಇರಬಹುದು. ಕಾಫಿ ಬೀಜವಂತೂ ಪಕ್ಕದಲ್ಲಿಟ್ಟದ್ದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಬಟ್ಟಲಲ್ಲಿ ಹೊಗೆ ಬಂದರೆ ಅದು ದೋಷವೇ. ಆದರೆ ನಮ್ಮ ಮಾಲಿನ ದೋಷವನ್ನು ನಮಗಿಂತ ಮೊದಲು ಕೊಳ್ಳುವವರೇ ಕಂಡುಹಿಡಿಯುತ್ತಿದ್ದರೆ ದರದ ಮಾತಿನಲ್ಲಿ ನಮಗೇನು ಬಾಯಿ?

ಆದ್ದರಿಂದ ಸಂಘದ ಆಡಳಿತ ಮಂಡಳಿಯಲ್ಲಿ ನಮ್ಮ ಬೇಡಿಕೆ ಒಂದೇ. ಸಂಘದ ಕಟ್ಟೆಯಲ್ಲಿ ದರ್ಜೆ ಕಡಿಮೆ ಮಾಡಿದ ಪ್ರತಿ ಚೀಲಕ್ಕೂ ಚೀಟಿಯಲ್ಲಿ ಕಾರಣ ಬರೆಯಲಿ: ಹೊಗೆಯೋ, ಬೂಸಲೋ, ಬಲಿಯದ ಕಾಯೋ. ತುಮಕೂರಿನ ಮುಂದಿನ ಮಾಸಿಕ ಸಭೆಗೆ ಸದಸ್ಯರು ತಮ್ಮ ಮನೆಯ ಅಡಿಕೆ ಅರ್ಧ ಸೇರು, ಕಾಫಿ ಇದ್ದವರು ಒಂದು ಹಿಡಿ ಬೀಜ ತರಬೇಕು. ಹೆಸರು ಬರೆಯದೆ ಕಟ್ಟಿ ತನ್ನಿ. ಕತ್ತರಿ, ಬಿಸಿನೀರು, ಲೋಟ ನಾವು ಸಿದ್ಧಮಾಡಿರುತ್ತೇವೆ.