ಜಾತ್ರೆಯ ದಿನ ಕ್ಯಾಮೆರಾ ಮದುವೆಗೆ ಹೋಗಿರುತ್ತದೆ

ಅಧ್ಯಕ್ಷರು,
ಕರ್ನಾಟಕ ಮಾಧ್ಯಮ ಅಕಾಡೆಮಿ, ಬೆಂಗಳೂರು

ಮಾನ್ಯರೇ,

ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಎಂದೊಡನೆ ದೂರದವರಿಗೆ ನೆನಪಾಗುವುದು 1986ರ ಮಾರ್ಚ್. ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಡಿಯವರೆಗೆ ಬೆತ್ತಲೆಯಾಗಿ ನಡೆಯುವ ಹರಕೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಜನ ಮುಗಿಬಿದ್ದರು. ಪೊಲೀಸರ ಬಟ್ಟೆಯನ್ನೇ ಕಿತ್ತರು. ಪತ್ರಕರ್ತರೂ ಏಟು ತಿಂದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು, ಅದು ಆಗಲೇಬೇಕಿತ್ತು. ಆದರೆ ಹರಕೆ ಹೊತ್ತು ಬರುತ್ತಿದ್ದವರಲ್ಲಿ ಹೆಚ್ಚಿನವರು ದಲಿತರ, ಹಿಂದುಳಿದವರ ಮನೆಯ ಹೆಣ್ಣುಮಕ್ಕಳು. ಆ ಮನೆಗಳ ಮಗಳೊಬ್ಬಳ ಕೈಯಲ್ಲಿ ಅಂದು ಕ್ಯಾಮೆರಾ ಇದ್ದಿದ್ದರೆ ಏನನ್ನು ತೆಗೆಯುತ್ತಿದ್ದಳು, ಏನನ್ನು ತೆಗೆಯದೆ ಬಿಡುತ್ತಿದ್ದಳು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಅಂಥ ಮಗಳೊಬ್ಬಳು ಈಗ ಇದ್ದಾಳೆ. ಪತ್ರಿಕೋದ್ಯಮ ಓದುತ್ತಾಳೆ. ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುವ ನನ್ನ ಸ್ಟುಡಿಯೊಗೆ ಬಂದು ಕ್ಯಾಮೆರಾ ಕೇಳಿ ಒಯ್ಯುತ್ತಾಳೆ. ಒಮ್ಮೆ ಅವಳ ಜೊತೆ ಚಂದ್ರಗುತ್ತಿ ಗುಡ್ಡದ ಬುಡಕ್ಕೆ ಹೋಗಿದ್ದೆ. ಹೂ ಮಾರುವ ಅಜ್ಜಿ, "ನನ್ನ ಮಾರಿ ಯಾಕವ್ವಾ ನಿಂಗೆ?" ಎಂದು ಸೆರಗು ಮುಂದೆಳೆದುಕೊಂಡರು. ಹುಡುಗಿ ಲೆನ್ಸಿಗೆ ಮುಚ್ಚಳ ಹಾಕಿ ಪಕ್ಕದಲ್ಲೇ ಕೂತಳು, ಬಾಳೆನಾರು ಸೀಳಿ ಕೊಟ್ಟಳು, ಮಧ್ಯಾಹ್ನದವರೆಗೂ ಹೂ ಕಟ್ಟಿದಳು. ಕೊನೆಗೆ ಅಜ್ಜಿಯೇ, "ತೆಗಿಯವ್ವಾ ಮತ್ತೆ" ಎಂದರು. ಆ ಚಿತ್ರದಲ್ಲಿ ಮುಖವಿಲ್ಲ. ಹೂವಿನ ತೊಟ್ಟಿನ ಹಸಿರು ಕಲೆ ಹತ್ತಿದ ಎರಡು ಹೆಬ್ಬೆರಳು, ನಡುವೆ ಬಿಗಿದ ನಾರು. ಮೂವತ್ತು ವರ್ಷ ಫ್ಲ್ಯಾಶ್ ಹೊಡೆದ ನನಗೆ ಅಂಥದೊಂದು ಸಿಕ್ಕಿಲ್ಲ.

ರೇಣುಕಾಂಬೆಯ ಜಾತ್ರೆ ಬರುವುದೂ ಮದುವೆಗಳ ಕಾಲದಲ್ಲೇ. ಅವಳಿಗೆ ಬೇಕಾದ ದಿನವೇ ನನ್ನ ಕ್ಯಾಮೆರಾ ಯಾವುದೋ ಮಂಟಪದಲ್ಲಿರುತ್ತದೆ. ಇಲ್ಲವೆಂದು ಹೇಳುವಾಗ ನನಗೆ ಅವಳ ಮುಖ ನೋಡಲಾಗುವುದಿಲ್ಲ.

ನಮ್ಮ ನಾಡಿಗೆ ಸುದ್ದಿಚಿತ್ರ ಹೊಸದಲ್ಲ: ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡದ್ದು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು. 1989ರಲ್ಲಿ ರೊಮೇನಿಯಾದ ಕ್ರಾಂತಿಯನ್ನು ಚಿತ್ರಿಸಲು ಹೋಗಿ 24ನೇ ವಯಸ್ಸಿಗೇ ಜೀವ ಕಳೆದುಕೊಂಡ ಇಯಾನ್ ಪ್ಯಾರಿಯ ಹೆಸರಿನಲ್ಲಿ ಬ್ರಿಟನ್ನಿನವರು ಎಳೆಯ ಛಾಯಾಗ್ರಾಹಕರಿಗೆ ವಿದ್ಯಾರ್ಥಿವೇತನ ಕಟ್ಟಿದರು. ಸತ್ಯನ್ ಹುಟ್ಟಿದ ನಾಡಿಗೆ ಅಂಥದೊಂದು ವಿದ್ಯಾರ್ಥಿವೇತನ ಆಗದ ಕೆಲಸವೇ?

ಸುದ್ದಿಚಿತ್ರ ಕಲಿಯುವ ಹಳ್ಳಿಯ ಮಕ್ಕಳಿಗೆ ಅಕಾಡೆಮಿ ವರ್ಷದ ವಿದ್ಯಾರ್ಥಿವೇತನ ಕೊಡಲಿ. ಒಂದೇ ಊರಿನಲ್ಲಿ, ಒಂದೇ ವಿಷಯದ ಬೆನ್ನಿಗೆ ವರ್ಷವಿಡೀ ಬೀಳುವಷ್ಟು ಹಣವಿರಲಿ: ಕ್ಯಾಮೆರಾಕ್ಕೆ, ಬಸ್ಸಿಗೆ, ಕೂಲಿ ಬಿಟ್ಟು ಬಂದ ದಿನಕ್ಕೆ. ಅರ್ಜಿ ಕನ್ನಡದಲ್ಲಿರಲಿ. ಆಯ್ಕೆಗೆ ಕೂತವರು ಹೊಳಪಿನ ಆಲ್ಬಮ್ ಕೇಳದಿರಲಿ, ಅದು ಕ್ಯಾಮೆರಾ ಇದ್ದವರ ಹತ್ತಿರ ಮಾತ್ರ ಇರುತ್ತದೆ. ಯಾರನ್ನು ಕೇಳಿ ತೆಗೆದೆ, ಎಷ್ಟು ಹೊತ್ತು ಕೂತಿದ್ದೆ ಎಂದು ಕೇಳಲಿ.

ಅವಳ ಓದು ಮುಗಿಯಲು ಇನ್ನೊಂದೇ ವರ್ಷ ಬಾಕಿ. ಅಷ್ಟರಲ್ಲಿ ಒಂದು ಜಾತ್ರೆ ಬರುತ್ತದೆ.

ಇತಿ,
ಸೊರಬದ ಒಬ್ಬ ಸ್ಟುಡಿಯೊ ಛಾಯಾಗ್ರಾಹಕ