ಪಕ್ಕೆಲುಬಿಗೆ ಅಂಟೋ ಇಂಗ್ಲಿಷ್

ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂದ ತಕ್ಷಣ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂದು ಬೀಳೋದು ಈಡಿಯಮ್‌ಗಳ ಪಿಡಿಎಫ್. ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ. ಬಸ್ಸಲ್ಲಿ ಉರು ಹೊಡೀತೀವಿ, ಟೆಸ್ಟ್ ಮುಗಿದ ಮೇಲೆ ಮರೀತೀವಿ. ಆ ಪಟ್ಟಿಯಿಂದ ಊಟದ ನುಡಿಗಟ್ಟುಗಳನ್ನು ಮಾತ್ರ ಆರಿಸಿ ಓದಿ ನೋಡಿ. ಇಂಗ್ಲಿಷ್ ಬೇರೆ ಥರಾನೇ ಕಾಣುತ್ತೆ.

'ಸ್ಟಿಕ್ ಟು ಯುವರ್ ರಿಬ್ಸ್' ಅಂದ್ರೆ ಪಕ್ಕೆಲುಬಿಗೆ ಅಂಟಿಕೊಳ್ಳೋ ಊಟ. ಓಟ್ಸ್ ಗಂಜಿ, ಗಟ್ಟಿ ಸ್ಟ್ಯೂ ಥರದ್ದು. ಚಳಿಯಲ್ಲಿ ಮೈಮುರಿದು ದುಡಿಯೋರಿಗೆ ಬೇಗ ಹಸಿವಾಗಬಾರದು, ಅಷ್ಟೇ ಲೆಕ್ಕ. 'ಮೀಟ್ ಅಂಡ್ ಪೊಟೇಟೋಸ್' ಅಂದ್ರೆ ವಿಷಯದ ತಿರುಳು. ತಟ್ಟೆಯಲ್ಲಿ ಮಾಂಸ, ಆಲೂಗಡ್ಡೆ ಇದ್ರೆ ಊಟ ಆದಂಗೆ, ಉಳಿದದ್ದು ಇದ್ರೂ ಸರಿ, ಇಲ್ಲದಿದ್ರೂ ಸರಿ. 'ಬ್ರೆಡ್ ಅಂಡ್ ಬಟರ್' ಅಂದ್ರೆ ಹೊಟ್ಟೆಪಾಡು.

'ಸ್ಕ್ವೇರ್ ಮೀಲ್' ಬಗ್ಗೆ ಒಂದು ಕಥೆ ಓಡಾಡುತ್ತೆ. ಬ್ರಿಟಿಷ್ ನೌಕಾಪಡೆಯವರು ಚೌಕದ ಮರದ ತಟ್ಟೆಯಲ್ಲಿ ಉಣ್ತಿದ್ರು, ಅದಕ್ಕೇ ಆ ಹೆಸರು ಅಂತ. ಕಥೆ ಚೆನ್ನಾಗಿದೆ, ಆದರೆ ನಿಜ ಅಲ್ಲ. ಈ ಮಾತು ಅಚ್ಚಾಗಿ ಸಿಗೋದು 19ನೇ ಶತಮಾನದ ನಡುವಿನ ಅಮೆರಿಕದಲ್ಲಿ. ಅಲ್ಲಿ 'ಸ್ಕ್ವೇರ್' ಅಂದ್ರೆ ಮೋಸವಿಲ್ಲದ್ದು, ನೆಟ್ಟಗಿರೋದು. ಕೊಟ್ಟ ದುಡ್ಡಿಗೆ ಸರಿಯಾಗಿ ಹೊಟ್ಟೆ ತುಂಬಿಸೋ ಊಟ!

ಇನ್ನೂ ಹಿಂದೆ ಹೋದ್ರೆ, 'ಲಾರ್ಡ್' ಅನ್ನೋ ಪದ ಹಳೆಯ ಇಂಗ್ಲಿಷಿನಲ್ಲಿ 'ರೊಟ್ಟಿ ಕಾಯೋನು' ಅಂತಿತ್ತು. 'ಕಂಪ್ಯಾನಿಯನ್' ಪದದ ಲ್ಯಾಟಿನ್ ಬೇರಿನ ಅರ್ಥ 'ಜೊತೆಗೆ ರೊಟ್ಟಿ ತಿನ್ನೋನು'.

ಇದನ್ನೆಲ್ಲ ಯಾಕೆ ಹೇಳ್ತಿದ್ದೀವಿ? ನಮ್ಮ ಕ್ಲಾಸಲ್ಲಿ ಪಿಯುಸಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿದ್ದಾರೆ. ಸರ್ಕ್ಯೂಟ್ ಬಿಡಿಸೋದ್ರಲ್ಲಿ ಮುಂದು, ಗ್ರೂಪ್ ಡಿಸ್ಕಷನ್‌ನಲ್ಲಿ ಮೌನ. ಇಂಗ್ಲಿಷ್ ಅಂದ್ರೆ ಕೋಟು ಹಾಕಿಕೊಂಡವರ ಭಾಷೆ ಅನ್ನೋ ಭಯ ಅದಕ್ಕೊಂದು ಕಾರಣ. ಇಂಗ್ಲಿಷ್ ಮೀಡಿಯಂನ ನಾವು ಆ ಭಯವನ್ನು ಕಡಿಮೆ ಮಾಡೋದಿರಲಿ, ಅವರ ಉಚ್ಚಾರಣೆಗೆ ನಕ್ಕು ಹೆಚ್ಚು ಮಾಡ್ತಿದ್ದೀವಿ. ಆದರೆ ಈ ನುಡಿಗಟ್ಟುಗಳು ಕೋಟಿನವರಿಗಿಂತ ಹಸಿದವರ ಮಾತಿನ ಹಾಗೇ ಕೇಳುತ್ತವೆ. 'ಅನ್ನಕ್ಕೆ ಮಣ್ಣು ಹಾಕ್ಬೇಡ' ಅನ್ನೋ ಮಾತು ಗೊತ್ತಿರೋರಿಗೆ 'ಬ್ರೆಡ್ ಅಂಡ್ ಬಟರ್' ಅರ್ಥ ಆಗೋಕೆ ಪಿಡಿಎಫ್ ಬೇಕಿಲ್ಲ.

ಟೆಸ್ಟಿಗೆ ಅರ್ಥ ಗೊತ್ತಿದ್ರೆ ಸಾಕಲ್ವಾ ಅಂತ ಕೆಲವರು ಕೇಳಬಹುದು. ಮಾರ್ಕ್ಸಿಗೆ ಸಾಕು. ಆದರೆ ಪಕ್ಕೆಲುಬಿಗೆ ಅಂಟಿದ ಗಂಜಿಯನ್ನು ಒಮ್ಮೆ ಕಣ್ಮುಂದೆ ತಂದುಕೊಂಡ್ರೆ ಅರ್ಥ ತಾನಾಗೇ ಉಳಿಯುತ್ತೆ, ಉರು ಹೊಡೆದದ್ದು ಉಳಿಯಲ್ಲ.

ಮುಂದಿನ ಟ್ರೈನಿಂಗ್‌ನಲ್ಲಿ ಪಕ್ಕದಲ್ಲಿ ಕೂತೋರು ಈಡಿಯಮ್ ಅರ್ಥ ಕೇಳಿದ್ರೆ, ಬಲಗಡೆಯ ಸಾಲು ಓದಿ ಹೇಳ್ಬೇಡಿ. 'ನಿಮ್ಮ ಊರಲ್ಲಿ ಇದಕ್ಕೆ ಏನಂತಾರೆ?' ಅಂತ ಕೇಳಿ. ಅವರು ಹೇಳೋ ಮಾತು ನಮಗೂ ಹೊಸದಾಗಿರಬಹುದು.